ಆಗುಂಬೆ ಘಾಟಿಯಲ್ಲಿ ಹೈ ಸ್ಟಾಲ್ ಕನ್ವರ್ಟರ್: ಒಂದು ಮಸ್ಟಾಂಗ್ ಪ್ರಕರಣ

ಆಗುಂಬೆ ಘಾಟಿ ಹತ್ತುವಾಗ ಗೇರ್‌ಬಾಕ್ಸ್ ಕಾದು ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತದೆ, ಆಮೇಲೆ ಕಾರು ಎಳೆಯುವುದಿಲ್ಲ. ಇಳಿಯುವಾಗ ಎಂಜಿನ್ ಹಿಡಿತ ಸಿಗುವುದಿಲ್ಲ, ಬರೀ ಬ್ರೇಕಿನ ಮೇಲೆ ಇಳಿಯಬೇಕು. ಶಿವಮೊಗ್ಗ ಪೇಟೆಯಲ್ಲಾಗಲಿ, ಭದ್ರಾವತಿ ಕಡೆಯ ಹೆದ್ದಾರಿಯಲ್ಲಾಗಲಿ ಏನೂ ತೊಂದರೆಯಿಲ್ಲ. ನಮ್ಮ ಗ್ಯಾರೇಜಿನ ಜಾಬ್ ಕಾರ್ಡಿನಲ್ಲಿ ಬರೆದುಕೊಂಡ ದೂರು ಇಷ್ಟು.

ಕಾರು ಫೋರ್ಡ್ ಮಸ್ಟಾಂಗ್ ಜಿಟಿ. 2016ರಲ್ಲಿ ಭಾರತಕ್ಕೆ ಬಂದ ಮಾದರಿ: 5.0 ಲೀಟರ್ ವಿ8, 515 ನ್ಯೂಟನ್ ಮೀಟರ್ ಟಾರ್ಕ್, ಆರು ಗೇರಿನ 6ಆರ್80 ಆಟೊಮ್ಯಾಟಿಕ್. ಮಾಲೀಕರು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯ ಹುಡುಗ. ವಾರದ ದಿನಗಳಲ್ಲಿ ಬೆಂಗಳೂರು, ರಜೆಗೆ ತೋಟ, ನೆಂಟರ ಮನೆ ಇರುವುದು ಉಡುಪಿ ಕಡೆ. ಹಾಗಾಗಿ ಘಾಟಿ ಹತ್ತಿ ಇಳಿಯುವುದು ತಪ್ಪುವಂತಿಲ್ಲ.

ಕಾರಿನ ಹಿಂದಿನ ಕಥೆ ಕೇಳದೆ ಗೇರ್‌ಬಾಕ್ಸ್ ಇಳಿಸಬಾರದು. ಮೊದಲು ಎಕ್ಸಾಸ್ಟ್ ಹೆಡರ್ ಬದಲಾಗಿತ್ತು. ಆಮೇಲೆ ಗಿಡ್ಡ ರನ್ನರಿನ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯ) ಇಂಟೇಕ್ ಮ್ಯಾನಿಫೋಲ್ಡ್ ಬಂತು. ಅದರಿಂದ ಮೇಲಿನ ಆರ್‌ಪಿಎಂನಲ್ಲಿ ಶಕ್ತಿ ಹೆಚ್ಚಿತು, ಕೆಳಗಿನ ಟಾರ್ಕ್ ಕುಗ್ಗಿತು. ನಿಂತಲ್ಲಿಂದ ಹೊರಡುವಾಗ ಕಾರು ಮೊದಲಿಗಿಂತ ಮಂದ ಎನಿಸತೊಡಗಿದಾಗ, ಡ್ರ್ಯಾಗ್ ಓಟದ ಹುಚ್ಚಿರುವ ಗೆಳೆಯರು ಹೈ ಸ್ಟಾಲ್ ಕನ್ವರ್ಟರ್ ಹಾಕಿಸಲು ಹೇಳಿದರು. ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನಲ್ಲೇ ಸಡಿಲವಾದ ಬಗೆ ಅದು. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎಂಜಿನ್ನಿನ ಬಲ ಮೇಲಕ್ಕೆ ಸರಿದಿದ್ದರೆ, ಅದು ಬೇಗ ಅಲ್ಲಿಗೆ ತಲುಪಲು ಬಿಡುವ ಕನ್ವರ್ಟರ್ ಬೇಕೇ ಬೇಕು. ಬೆಂಗಳೂರಿನ ಒಂದು ಕಡೆ ‘3,600 ಸ್ಟಾಲ್’ ಎಂದು ಬಿಲ್ ಬರೆದು ಹಾಕಿಕೊಟ್ಟರು, ಅಲ್ಲೇ ಗೇರ್‌ಬಾಕ್ಸಿನ ಟ್ಯೂನ್, ಅಂದರೆ ಅದನ್ನು ನಡೆಸುವ ಕಂಪ್ಯೂಟರಿನ ಲೆಕ್ಕ, ಕೂಡ ಬದಲಾಯಿತು. ಡ್ರ್ಯಾಗ್ ಓಟದಲ್ಲಿ ಕಾರು ಚೆನ್ನಾಗಿ ಓಡಿತು. ಊರಿಗೆ ಬಂದ ಮೇಲೆ ಘಾಟಿಯಲ್ಲಿ ಮೊದಲು ಸುಟ್ಟ ವಾಸನೆ ಹಿಡಿದವರು ಪಕ್ಕದಲ್ಲಿ ಕೂತಿದ್ದ ಅಪ್ಪ. “ಎಂತದೋ ಇದು, ಒಲೆ ಮೇಲೆ ಎಣ್ಣೆ ಇಟ್ಟಂಗೆ ವಾಸನೆ” ಎಂದರಂತೆ.

ಕನ್ವರ್ಟರಿನ ಒಳಗಿನ ಕೆಲಸ ಗೊತ್ತಿಲ್ಲದವರಿಗೆ ಇಲ್ಲೇ ನಾಲ್ಕು ಮಾತು. ಎಂಜಿನ್ ಜೊತೆ ತಿರುಗುವ ಇಂಪೆಲ್ಲರ್ ಆಯಿಲ್ ಬೀಸುತ್ತದೆ. ಆ ಆಯಿಲ್ ಬಡಿದು ಗೇರ್‌ಬಾಕ್ಸ್ ಕಡೆಯ ಟರ್ಬೈನ್ ತಿರುಗುತ್ತದೆ. ನಡುವೆ ಇರುವ ಸ್ಟೇಟರ್ ಒಂದೇ ದಿಕ್ಕಿಗೆ ತಿರುಗಬಲ್ಲದು. ವಾಪಸ್ ಬರುವ ಆಯಿಲಿನ ದಿಕ್ಕು ಬದಲಿಸಿ ಇಂಪೆಲ್ಲರಿಗೆ ಅಡ್ಡವಾಗದೆ ನೆರವಾಗುವಂತೆ ಕಳಿಸುತ್ತದೆ. ನಿಂತ ಕಾರು ಹೊರಡುವಾಗ ಟಾರ್ಕ್ ಸುಮಾರು ಎರಡು ಪಟ್ಟಾಗುವುದು ಈ ಸ್ಟೇಟರಿನಿಂದ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಇದರ ಪೇಟೆಂಟ್ ಪಡೆದರು. ಈಗಿನ ಕನ್ವರ್ಟರುಗಳಲ್ಲಿ ಇದರ ಜೊತೆ ಒಂದು ಲಾಕಪ್ ಕ್ಲಚ್ ಇರುತ್ತದೆ. ಅದು ಕಚ್ಚಿಕೊಂಡಾಗ ಎಂಜಿನ್ ಮತ್ತು ಟರ್ಬೈನ್ ಒಂದೇ ವೇಗದಲ್ಲಿ ತಿರುಗುತ್ತವೆ, ಜಾರುವಿಕೆ ಇಲ್ಲ, ಅದರ ಬಿಸಿಯೂ ಇಲ್ಲ.

ಟರ್ಬೈನ್ ಅಲುಗದಂತೆ ಹಿಡಿದು ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಎಷ್ಟು ಆರ್‌ಪಿಎಂಗೆ ಹೋಗಿ ನಿಲ್ಲುತ್ತದೋ ಅದು ಸ್ಟಾಲ್ ವೇಗ. ಇದನ್ನು ಕನ್ವರ್ಟರಿನ ಮೇಲೆ ಅಚ್ಚೊತ್ತಿದ ಗುಣ ಎಂದು ತಿಳಿಯುವುದರಿಂದಲೇ ಅರ್ಧ ಗೊಂದಲ ಹುಟ್ಟುವುದು. ಸ್ಟಾಲ್ ವೇಗ ಎಂಜಿನ್ನಿನ ಟಾರ್ಕಿಗೆ ಕಟ್ಟುಬಿದ್ದಿರುತ್ತದೆ, ಅದರ ವರ್ಗಮೂಲದ ಲೆಕ್ಕದಲ್ಲಿ ಏರಿಳಿಯುತ್ತದೆ. ಸೂಪರ್‌ಚಾರ್ಜರ್ ಹಾಕಿ 750 ನ್ಯೂಟನ್ ಮೀಟರ್ ಕೊಡುವ ಎಂಜಿನ್ ಹಿಂದೆ 3,600 ತೋರಿಸುವ ಕನ್ವರ್ಟರ್, 480 ನ್ಯೂಟನ್ ಮೀಟರಿನ ಎಂಜಿನ್ ಹಿಂದೆ 2,880 ಮಾತ್ರ ತೋರಿಸುತ್ತದೆ. ಅದೇ ಡಬ್ಬ, ಅದೇ ರೆಕ್ಕೆಗಳು. ಆದ್ದರಿಂದ ಕನ್ವರ್ಟರ್ ಮಾರುವವರು “ನಿಮ್ಮ ಎಂಜಿನ್ ಯಾವ ಆರ್‌ಪಿಎಂನಲ್ಲಿ ಎಷ್ಟು ಟಾರ್ಕ್ ಕೊಡುತ್ತದೆ” ಎಂದು ಕೇಳದೆ ಸಂಖ್ಯೆ ಹೇಳಿದರೆ ಆ ಸಂಖ್ಯೆಯನ್ನು ನಂಬಬೇಡಿ.

ಈ ಕಾರಿನಲ್ಲಿ ನಿಜವಾದ ಸ್ಟಾಲ್ ಎಷ್ಟು? ಬ್ರೇಕ್ ಒತ್ತಿಹಿಡಿದು ಅಳೆಯುವ ಹಳೆಯ ಪದ್ಧತಿ ಇಷ್ಟು ಬಲದ ಹಿಂಚಕ್ರದ ಕಾರಿಗೆ ನಡೆಯುವುದಿಲ್ಲ. ಸ್ಟಾಲ್ ಮುಟ್ಟುವ ಮೊದಲೇ ಹಿಂದಿನ ಟೈರು ಬ್ರೇಕನ್ನು ಸೋಲಿಸಿ ತಿರುಗತೊಡಗುತ್ತವೆ. ಐದು ಸೆಕೆಂಡಿಗಿಂತ ಹೆಚ್ಚು ಹಾಗೆ ಹಿಡಿದರೆ ಆಯಿಲ್ ಕುದಿಯುವ ಹಾದಿ ಹಿಡಿಯುತ್ತದೆ, ಅದು ಬೇರೆ. ನಿಧಾನ ಹೋಗುತ್ತಿರುವಾಗ ಒಮ್ಮೆಲೆ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಆರ್‌ಪಿಎಂ ಎಲ್ಲಿಗೆ ಜಿಗಿಯುತ್ತದೆ ಎಂದು ನೋಡುವುದು ಇನ್ನೊಂದು ದಾರಿ. ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೂ ಒಂದು ತೊಡಕಿದೆ: ಒದ್ದೆ ರಸ್ತೆಯಲ್ಲಿ ಟೈರು ಜಾರಿ ಆರ್‌ಪಿಎಂ ಏರಿದರೂ ನೋಡುವವರಿಗೆ ಅದು ಸ್ಟಾಲ್ ಎಂದೇ ಕಾಣುತ್ತದೆ. 6ಆರ್80ರೊಳಗೆ ಟರ್ಬೈನ್ ವೇಗಕ್ಕೊಂದು, ಔಟ್‌ಪುಟ್ ವೇಗಕ್ಕೊಂದು ಸೆನ್ಸರ್ ಇರುವುದರಿಂದ ಲ್ಯಾಪ್‌ಟಾಪಿನಲ್ಲಿ ಮೂರೂ ಗೆರೆ ಒಟ್ಟಿಗೆ ಇಟ್ಟು ನೋಡಬಹುದು. ಟರ್ಬೈನ್ ಗೆರೆಯೂ ಎಂಜಿನ್ ಜೊತೆ ಜಿಗಿದಿದ್ದರೆ ಅದು ಟೈರಿನ ಕೆಲಸ. ಒಣ ದಿನ, ಊರಾಚೆಯ ಖಾಸಗಿ ಜಾಗದಲ್ಲಿ ತೆಗೆದ ದಾಖಲೆಯಲ್ಲಿ ಸ್ಟಾಲ್ 3,500ರ ಆಸುಪಾಸು ಬಂತು. ಬಿಲ್ಲಿನಲ್ಲಿ ಬರೆದದ್ದು ಹೆಚ್ಚುಕಡಿಮೆ ಸರಿಯಾಗಿತ್ತು.

ಹಾಗಾದರೆ ಘಾಟಿಯಲ್ಲಿ ಕಾಯುವುದಕ್ಕೆ ಕಾರಣ ಆ 3,600 ಎಂಬ ಸಂಖ್ಯೆಯೇ? ಮಾಲೀಕರ ನಂಬಿಕೆ ಅದೇ ಆಗಿತ್ತು. “ಅಣ್ಣ, 3,600 ಮುಟ್ಟೋ ತನಕ ಇದು ಜಾರ್ತಾನೇ ಇರ್ತದಲ್ಲ, ಘಾಟಿಲಿ ಯಾರು ಅಷ್ಟು ರೈಸ್ ಮಾಡ್ತಾರೆ?” ತುಂಬ ಜನ ಹೀಗೇ ತಿಳಿದಿದ್ದಾರೆ, ಆದರೆ ಅದು ಹಾಗಲ್ಲ. 3,600 ಎಂಬುದು ಪೂರ್ತಿ ಟಾರ್ಕಿನ ಲೆಕ್ಕ, ಈ ಎಂಜಿನ್ ಅಲ್ಲಿ ಕೊಡುವ ಸುಮಾರು 480 ನ್ಯೂಟನ್ ಮೀಟರಿನದು. ಘಾಟಿಯಲ್ಲಿ ಹಗುರವಾಗಿ ಕಾಲಿಟ್ಟು 100 ನ್ಯೂಟನ್ ಮೀಟರ್ ಮಾತ್ರ ಕೇಳಿದಾಗ ಅದೇ ವರ್ಗಮೂಲದ ಲೆಕ್ಕದಲ್ಲಿ ಇದೇ ಕನ್ವರ್ಟರಿನ ಸ್ಟಾಲ್ 1,640ಕ್ಕೆ ಇಳಿಯುತ್ತದೆ. ಚಕ್ರ ತಿರುಗುತ್ತಿದ್ದರೆ ಜಾರುವಿಕೆ ಇನ್ನೂ ಕಡಿಮೆ. ಸಡಿಲ ಕನ್ವರ್ಟರ್ ಹಾಕಿದ ಕಾರೂ ಮೆತ್ತಗೆ ಓಡಿಸಿದರೆ ಮೆತ್ತಗೇ ಹೋಗುತ್ತದೆ.

ತೊಂದರೆ ಬೇರೆ ಕಡೆ ಇತ್ತು, ಅದನ್ನು ತೋರಿಸಿದ್ದು ಸೋಮೇಶ್ವರದಿಂದ ಆಗುಂಬೆವರೆಗಿನ ದಾಖಲೆ. ಹದಿನಾಲ್ಕು ಹೇರ್‌ಪಿನ್ ತಿರುವು, ಮುಂದೆ ಒಂದು ಮಿನಿಬಸ್, ವೇಗ 20ರಿಂದ 30. ಗೇರು ಡಿಯಲ್ಲಿ (ಡ್ರೈವ್). ತಿರುವು ದಾಟಿ ರಸ್ತೆ ಸ್ವಲ್ಪ ನೇರವಾದ ಕೂಡಲೇ ಗೇರ್‌ಬಾಕ್ಸ್ ಮೂರಕ್ಕೆ ಏರುತ್ತಿತ್ತು. ಪೆಟ್ರೋಲ್ ಉಳಿಸಲು ಕಂಪನಿ ಬರೆದ ಶಿಫ್ಟ್ ಲೆಕ್ಕವನ್ನು ಬೆಂಗಳೂರಿನ ಟ್ಯೂನಿನಲ್ಲಿ ಹಗುರ ಆಕ್ಸಿಲರೇಟರಿಗೆ ಹಾಗೇ ಬಿಟ್ಟಿದ್ದರು. ಬದಲಿಸಿದ್ದು ಪೂರ್ತಿ ಆಕ್ಸಿಲರೇಟರಿನ ಕಡೆಯದನ್ನು ಮಾತ್ರ, ಅದರ ಜೊತೆಗೆ ಕೆಳಗಿನ ಮೂರು ಗೇರುಗಳಲ್ಲಿ ಲಾಕಪ್ ಪೂರ್ತಿ ಬಂದ್ ಮಾಡಿದ್ದರು. ಡ್ರ್ಯಾಗ್ ಓಟಕ್ಕೆ ಅದೇ ಬೇಕು. ಘಾಟಿಗೆ?

ಲೆಕ್ಕ ಹಾಕಿ ನೋಡೋಣ. ಈ ಕಾರಿನ ಡಿಫರೆನ್ಶಿಯಲ್ ಅನುಪಾತ 3.55, ಮೂರನೇ ಗೇರು 1.52, ಎರಡನೆಯದು 2.34. ಗಂಟೆಗೆ 30 ಕಿ.ಮೀ. ವೇಗದಲ್ಲಿ ಮೂರನೇ ಗೇರಿನಲ್ಲಿ ಟರ್ಬೈನ್ ತಿರುಗುವುದು ಸುಮಾರು 1,250 ಆರ್‌ಪಿಎಂನಲ್ಲಿ. ಶೇಕಡಾ 8ರ ಏರು ಎಂದಿಟ್ಟುಕೊಂಡರೆ, ಜನರನ್ನೂ ಸೇರಿಸಿ 1,900 ಕಿಲೋ ತೂಕವನ್ನು ಆ ವೇಗದಲ್ಲಿ ಹತ್ತಿಸಲು ಗೇರ್‌ಬಾಕ್ಸಿಗೆ 16 ಕಿಲೋವ್ಯಾಟ್ ಬೇಕು. ಅಷ್ಟು ಕಡಿಮೆ ವೇಗದ ಟರ್ಬೈನಿಗೆ ಅಷ್ಟು ಶಕ್ತಿ ತಲುಪಿಸಲು ಎಂಜಿನ್ 2,000ದ ಹತ್ತಿರ ತಿರುಗಬೇಕಾಗುತ್ತದೆ. ಎಂಜಿನ್ ಕೊಟ್ಟದ್ದರಲ್ಲಿ ಮುಕ್ಕಾಲು ಪಾಲು ಚಕ್ರಕ್ಕೆ, ಉಳಿದ ಸುಮಾರು 5 ಕಿಲೋವ್ಯಾಟ್ ಆಯಿಲಿಗೆ. ಬಚ್ಚಲಿನ 2 ಕಿಲೋವ್ಯಾಟ್ ಗೀಸರ್ ಎರಡೂವರೆಯನ್ನು ಗೇರ್‌ಬಾಕ್ಸಿನೊಳಗೆ ಇಟ್ಟು ಘಾಟಿ ಮುಗಿಯುವ ತನಕ ಸ್ವಿಚ್ ಆರಿಸದೆ ಬಿಟ್ಟರೆ ಆಗುವ ಬಿಸಿ ಇದು. ತಿರುವಿನಿಂದ ಹೊರಬರುವಾಗ ಹುಡುಗ ಜೋರಾಗಿ ಒತ್ತಿದ ಕ್ಷಣಗಳಲ್ಲಿ ಅದು 15 ಕಿಲೋವ್ಯಾಟ್ ದಾಟುತ್ತದೆ. ಮಿನಿಬಸ್ ಹಿಂದೆ 25ರಲ್ಲಿ ಹೋಗುವಾಗ ಕೂಲರಿಗೆ ಗಾಳಿಯೂ ಇಲ್ಲ.

ಅದೇ ವೇಗ, ಅದೇ ಏರು, ಎರಡನೇ ಗೇರು: ಟರ್ಬೈನ್ 1,925ರಲ್ಲಿ, ಎಂಜಿನ್ 2,150ರ ಸುಮಾರು. ಜಾರುವಿಕೆ ಕುಸಿಯುತ್ತದೆ, ಆಯಿಲಿಗೆ ಹೋಗುವುದು 2 ಕಿಲೋವ್ಯಾಟಿಗಿಂತ ಕಡಿಮೆ. ಎಂಜಿನ್ ಆರ್‌ಪಿಎಂ ಏರಿದ್ದು ಬರೀ ನೂರೈವತ್ತು. ಬಿಸಿ ಇಳಿದದ್ದು ಅರ್ಧಕ್ಕಿಂತಲೂ ಹೆಚ್ಚು. ಸ್ಟೀರಿಂಗ್ ಹಿಂದಿನ ಪ್ಯಾಡಲಿನಿಂದ ಎರಡರಲ್ಲೇ ಹಿಡಿದು ಹತ್ತಿಸಿದಾಗ ದಾಖಲೆಯೂ ಅದನ್ನೇ ಹೇಳಿತು. ಡಿಯಲ್ಲಿ ಮೇಲೆ ಬಂದಾಗ ಗೇರ್‌ಬಾಕ್ಸ್ ಆಯಿಲ್ 126 ಡಿಗ್ರಿ ಸೆಲ್ಸಿಯಸ್, ಎರಡರಲ್ಲಿ ಹಿಡಿದಾಗ 109. ಕನ್ವರ್ಟರ್ ಮುಟ್ಟಿರಲಿಲ್ಲ, ಒಂದು ರೂಪಾಯಿ ಖರ್ಚಾಗಿರಲಿಲ್ಲ. ಈ ಹಂತದಲ್ಲೇ ಮಾಲೀಕರ ಅಪ್ಪ ಫೋನಿನಲ್ಲಿ “ಹಂಗಾರೆ ಎರಡರಲ್ಲೇ ಓಡಿಸು ಅಂತ ಹೇಳಿ ಕಳ್ಸಿ ಮಾರಾಯ್ರೆ, ಮತ್ತೆಂತಕ್ಕೆ ಬಿಚ್ಚೋದು?” ಎಂದು ಕೇಳಿದ್ದು ನ್ಯಾಯವಾದ ಪ್ರಶ್ನೆ.

ಬಿಚ್ಚಲು ಎರಡು ಕಾರಣಗಳಿದ್ದವು. ಒಂದು, ಆಯಿಲ್ ಆಗಲೇ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿತ್ತು. ಜಾಬ್ ಕಾರ್ಡಿನ ದೂರಿನಲ್ಲಿ ಇಲ್ಲದಿದ್ದರೂ, ಹೆದ್ದಾರಿಯಲ್ಲಿ ಐದನೇ ಗೇರಿಗೆ ಬಂದು ಲಾಕಪ್ ಕಚ್ಚುವಾಗ ಕಾರು ಸಣ್ಣಗೆ ನಡುಗುತ್ತಿತ್ತು, ಒರಟು ಡಾಂಬರಿನ ಮೇಲೆ ಹೋದಂತೆ. ಲಾಕಪ್ ಕ್ಲಚ್ಚಿನ ಲೈನಿಂಗ್ ಹಾಳಾಗಿರುವ ಲಕ್ಷಣ ಅದು. ಕಾದ ಆಯಿಲಿನಲ್ಲಿ ಬೆಂದ ಲೈನಿಂಗ್ ಹೊಸ ಆಯಿಲ್ ಹಾಕಿದ ಮಾತ್ರಕ್ಕೆ ಸರಿಹೋಗುವುದಿಲ್ಲ.

ಎರಡನೆಯದು ಇಳಿಜಾರು. ನನ್ನ ಮಟ್ಟಿಗೆ ಈ ಪ್ರಕರಣದ ಮುಖ್ಯ ಭಾಗ ಇದೇ, ಹೈ ಸ್ಟಾಲ್ ಬಗ್ಗೆ ಮಾತಾಡುವವರು ಇದನ್ನು ಎತ್ತುವುದೇ ಇಲ್ಲ. ಡ್ರ್ಯಾಗ್ ಓಟದ ಪಟ್ಟಿ ಸಪಾಟು, ಅಲ್ಲಿ ಇಳಿಯುವ ಪ್ರಶ್ನೆ ಬರುವುದಿಲ್ಲ. ಇಳಿಜಾರಿನಲ್ಲಿ ಕಾಲು ತೆಗೆದಾಗ ಕೆಲಸ ತಿರುಗುಮುರುಗಾಗುತ್ತದೆ: ಚಕ್ರ ಟರ್ಬೈನನ್ನು ತಿರುಗಿಸುತ್ತದೆ, ಟರ್ಬೈನ್ ಆಯಿಲ್ ಬೀಸಿ ಎಂಜಿನ್ನನ್ನು ತಿರುಗಿಸಬೇಕು. ರೆಕ್ಕೆಗಳ ಬಾಗು ಆ ದಿಕ್ಕಿಗೆ ಮಾಡಿದ್ದಲ್ಲ, ಸ್ಟೇಟರ್ ನೆರವಿಗೆ ಬರುವುದಿಲ್ಲ. ಕಂಪನಿಯ ಬಿಗಿ ಕನ್ವರ್ಟರಿನಲ್ಲೇ ಈ ಹಿಡಿತ ಅಷ್ಟಕ್ಕಷ್ಟೆ. ಸಡಿಲ ಕನ್ವರ್ಟರಿನಲ್ಲಿ ಇಲ್ಲವೆಂದೇ ಹೇಳಬಹುದು. ಎರಡನೇ ಗೇರಿಗೆ ಇಳಿಸಿದರೂ ಆರ್‌ಪಿಎಂ ಮುಳ್ಳು ಐಡಲ್‌ನಿಂದ ಸ್ವಲ್ಪ ಮೇಲೆ ತೂಗಾಡುತ್ತದೆ, ಕಾರು ಓಡುತ್ತಲೇ ಇರುತ್ತದೆ. ಎಂಜಿನ್ ಹಿಡಿತ ಸಿಗಬೇಕಾದರೆ ಲಾಕಪ್ ಕಚ್ಚಲೇಬೇಕು. ಈ ಟ್ಯೂನಿನಲ್ಲಿ ಅದು ಕೆಳಗಿನ ಗೇರುಗಳಲ್ಲಿ ಬಂದ್. ಆಗುಂಬೆಯಂಥ ಮಳೆಯ ಊರಿನಿಂದ, ಮಂಜಿನಲ್ಲಿ, ರಸ್ತೆ ಬದಿ ಮಂಗಗಳಿಗೆ ತಿಂಡಿ ಕೊಡಲು ನಿಂತವರನ್ನು ತಪ್ಪಿಸಿಕೊಂಡು, 1,800 ಕಿಲೋದ ಕಾರನ್ನು ಬರೀ ಬ್ರೇಕಿನಲ್ಲಿ ಸೋಮೇಶ್ವರಕ್ಕೆ ಇಳಿಸುವುದು ನಾನು ಒಪ್ಪುವ ವ್ಯವಸ್ಥೆಯಲ್ಲ. ಗೇರ್‌ಬಾಕ್ಸ್ ಕಾದರೆ ಖರ್ಚು. ಬ್ರೇಕ್ ಆಯಿಲ್ ಕುದಿದರೆ ಕಣಿವೆ.

ಮಾಲೀಕರ ಮುಂದೆ ಇಟ್ಟ ಆಯ್ಕೆಗಳು ಮೂರು. ಕಂಪನಿಯ ಕನ್ವರ್ಟರನ್ನೇ ವಾಪಸ್ ಹಾಕುವುದು. ಆಗ ಗಿಡ್ಡ ರನ್ನರಿನ ಮ್ಯಾನಿಫೋಲ್ಡಿಗೂ ಅದಕ್ಕೂ ಹೊಂದಿಕೆಯಾಗದೆ ಹೊರಡುವಾಗಿನ ಮಂಕು ಮರಳುತ್ತದೆ. ಇರುವುದನ್ನೇ ಉಳಿಸಿ ದೊಡ್ಡ ಕೂಲರ್ ಹಾಕುವುದು. ಅದರಿಂದ ಇಳಿಜಾರಿನ ಸಮಸ್ಯೆ ಇಂಚೂ ಕದಲುವುದಿಲ್ಲ, ಹಾಗಾಗಿ ಅದನ್ನು ನಾನೇ ಹೊಡೆದುಹಾಕಿದೆ. ಮೂರನೆಯದು, ಹೇಗೂ ಲೈನಿಂಗಿಗಾಗಿ ಕನ್ವರ್ಟರ್ ಕತ್ತರಿಸಿ ತೆರೆಯಬೇಕು, ಆಗಲೇ ಸ್ಟೇಟರ್ ಬದಲಿಸಿ ಸ್ಟಾಲನ್ನು 2,800ಕ್ಕೆ ಇಳಿಸುವುದು.

ಹುಡುಗನಿಗೆ 800 ಕಳೆದುಕೊಳ್ಳುವುದು ಇಷ್ಟವಿರಲಿಲ್ಲ. ಅವನಿಗೆ ತೋರಿಸಿದ್ದು ಟೈರಿನ ಲೆಕ್ಕ. 480 ನ್ಯೂಟನ್ ಮೀಟರ್ ಟಾರ್ಕ್, ಕನ್ವರ್ಟರಿನಲ್ಲಿ 1.8 ಪಟ್ಟು, ಮೊದಲ ಗೇರಿನ 4.17, ಡಿಫರೆನ್ಶಿಯಲಿನ 3.55. ಗುಣಿಸಿ ಟೈರಿನ ತ್ರಿಜ್ಯದಿಂದ ಭಾಗಿಸಿದರೆ ರಸ್ತೆಗೆ 37 ಕಿಲೋನ್ಯೂಟನ್ ತಳ್ಳುಬಲ. ಹಿಂದಿನ ಎರಡು ಟೈರು ಒಣ ಡಾಂಬರಿನಲ್ಲಿ ಹಿಡಿಯಬಲ್ಲದ್ದು ಸುಮಾರು 10. ತೀರ್ಥಹಳ್ಳಿ ರಸ್ತೆಯಲ್ಲಿ ಜೂನ್ ತಿಂಗಳಲ್ಲಿ ಅದೂ ಇಲ್ಲ. ಮೊದಲ ಗೇರಿನಲ್ಲೇ ಇಷ್ಟು ಹೆಚ್ಚುವರಿ ಇರುವ ಕಾರಿಗೆ ಸಾಮಾನ್ಯ ಟೈರಿನ ಮೇಲೆ ಸ್ಟಾಲ್ ಏರಿಸಿ ಸಿಗುವುದು ಹೊಗೆ. ಡ್ರ್ಯಾಗ್ ಟೈರು, ಅಂಟು ಸವರಿದ ಪಟ್ಟಿ ಇದ್ದಾಗ ಮಾತು ಬೇರೆ, ಅಲ್ಲಿ 3,600 ತನ್ನ ದುಡ್ಡು ದುಡಿಯುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು “ಸರಿ ಅಣ್ಣ, 2,800 ಮಾಡಿ” ಎಂದ. ಪೂರ್ತಿ ಮನಸ್ಸಿನಿಂದ ಅಲ್ಲ.

ಕನ್ವರ್ಟರ್ ತೆರೆದು ಬೆಸೆದು ಬ್ಯಾಲೆನ್ಸ್ ಮಾಡುವ ಯಂತ್ರ ನಮ್ಮಲ್ಲಿಲ್ಲ, ಹೊರಗೆ ಕಳಿಸಿ ತರಿಸಿದ್ದಾಯಿತು. ಲೈನಿಂಗ್ ಅರ್ಧ ವೃತ್ತದಲ್ಲಿ ಗಾಜಿನಂತೆ ನುಣುಪಾಗಿತ್ತು. ಗೇರ್‌ಬಾಕ್ಸಿನ ತಳದ ಆಯಿಲ್ ಪ್ಯಾನಿನ ಅಯಸ್ಕಾಂತದ ಮೇಲೆ ಸಣ್ಣ ಬೂದು ಕೆಸರು ಇತ್ತು; ಲೋಹದ ಚೂರು ಇರಲಿಲ್ಲ, ಹಾಗಾಗಿ ಗೇರ್‌ಬಾಕ್ಸಿನ ಒಳಗೆ ಕೈಹಾಕಲಿಲ್ಲ. ಕೂಲರ್ ಪೈಪುಗಳನ್ನು ಮಾತ್ರ ಚೆನ್ನಾಗಿ ತೊಳೆದೆವು. ಹಳೆಯ ಕನ್ವರ್ಟರಿನ ಕಸ ಕೂಲರಿನಲ್ಲಿ ಕೂತಿದ್ದು ಹೊಸದರೊಳಗೆ ಬರುವುದು ಸಾಮಾನ್ಯ.

ಕೂರಿಸುವಾಗಿನ ಒಂದು ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಹೊಸ ಕನ್ವರ್ಟರ್ ಹಾಕಿದ ಕೂಡಲೇ ಆಯಿಲ್ ಪಂಪು ಒಡೆದ ಗೇರ್‌ಬಾಕ್ಸುಗಳ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ. ಒಳಗೆ ಒಂದು ಲೀಟರಿನಷ್ಟು ಆಯಿಲ್ ಸುರಿದು, ಕನ್ವರ್ಟರನ್ನು ಮೆಲ್ಲಗೆ ತಿರುಗಿಸುತ್ತ ಒಳಕ್ಕೆ ನೂಕಬೇಕು. ಷಾಫ್ಟುಗಳ ಹಲ್ಲು, ಕೊನೆಗೆ ಪಂಪಿನ ಹಿಡಿತ, ಒಂದೊಂದೂ ಕೂರುವಾಗ ಅದು ಇನ್ನಷ್ಟು ಒಳಗೆ ಇಳಿಯುತ್ತದೆ. ಬೆಲ್ ಹೌಸಿಂಗ್ (ಗೇರ್‌ಬಾಕ್ಸಿನ ಮುಂಬದಿಯ ಕವಚ) ಎಂಜಿನ್ನಿಗೆ ತಾಗಿದ ಮೇಲೂ ಕನ್ವರ್ಟರಿಗೂ ಎಂಜಿನ್ ತುದಿಯ ತಟ್ಟೆಯಾದ ಫ್ಲೆಕ್ಸ್‌ಪ್ಲೇಟಿಗೂ ನಡುವೆ ಮೂರರಿಂದ ಐದು ಮಿಲಿಮೀಟರ್ ಸಂದು ಉಳಿದಿರಬೇಕು. ಸಂದು ಇಲ್ಲವೆಂದರೆ ಅದು ಪೂರ್ತಿ ಕೂತಿಲ್ಲ. ಬೋಲ್ಟ್ ಬಿಗಿದು ಎಳೆದುಕೊಂಡರೆ ಕೆಲಸ ಮುಗಿದಂತೆ ಕಾಣುತ್ತದೆ, ಮೊದಲ ಸ್ಟಾರ್ಟಿಗೇ ಪಂಪು ಹೋಗುತ್ತದೆ.

ಟ್ಯೂನಿನಲ್ಲಿ ಬದಲಿಸಿದ್ದು ಮೂರೇ. ಹಗುರ ಆಕ್ಸಿಲರೇಟರಿನಲ್ಲಿ ಎರಡರಿಂದ ಮೂರಕ್ಕೆ ಹೋಗುವ ವೇಗ ಮೇಲಕ್ಕೆ ಹೋಯಿತು. ಎರಡು ಮತ್ತು ಮೂರರಲ್ಲಿ ಟರ್ಬೈನ್ 1,700 ದಾಟಿದ ಮೇಲೆ ಲಾಕಪ್ ಕಚ್ಚುವಂತೆ ಮಾಡಿದೆವು; ಅದಕ್ಕಿಂತ ಕೆಳಗೆ ಕಚ್ಚಿದರೆ ಗಿಡ್ಡ ರನ್ನರಿನ ಈ ಎಂಜಿನ್ ಗುದ್ದಾಡುತ್ತದೆ. ಕಾಲು ತೆಗೆದು ಪ್ಯಾಡಲಿನಿಂದ ಗೇರು ಇಳಿಸಿದಾಗ ಲಾಕಪ್ ಬಿಡದೆ ಉಳಿಯುವಂತೆ ಮಾಡಿದ್ದು ಇಳಿಜಾರಿಗಾಗಿ. ಪೂರ್ತಿ ಆಕ್ಸಿಲರೇಟರಿನಲ್ಲಿ ಲಾಕಪ್ ಬಿಟ್ಟುಕೊಳ್ಳುತ್ತದೆ, ಹೊಸ ಲೈನಿಂಗ್ ಅಷ್ಟು ಬಲ ಹೊರಲು ಮಾಡಿದ್ದಲ್ಲ.

ಕೂಲರ್ ಕೊನೆಗೆ ಬಂತು: ಪ್ಲೇಟ್ ಮಾದರಿ, ಸ್ವಂತ ಫ್ಯಾನು, ನಡುವೆ ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಯಾಕೆಂದು ಕೇಳುವವರು ಡಿಸೆಂಬರಿನ ಬೆಳಿಗ್ಗೆ ತೋಟದ ಮನೆಯಿಂದ ಕಾರು ತೆಗೆದು ನೋಡಬೇಕು. ತಣ್ಣಗಿನ ಆಯಿಲ್ ದಪ್ಪ, ಶಿಫ್ಟ್ ಗಡುಸು, ಲಾಕಪ್ ಬರುವುದೇ ತಡ. ಕೂಲರನ್ನು ಬಂಪರಿನ ಕೆಳತುದಿಗೆ ಹಾಕಲು ಜಾಗ ಸುಲಭವಿತ್ತು, ಆದರೆ ಅಲ್ಲಿ ಕೆಮ್ಮಣ್ಣಿನ ರಾಡಿ ನೇರ ಬಡಿದು ಮಳೆಗಾಲ ಮುಗಿಯುವಷ್ಟರಲ್ಲಿ ರೆಕ್ಕೆಗಳು ಮುಚ್ಚಿಹೋಗುತ್ತವೆ. ಮೇಲಕ್ಕೆ, ಗ್ರಿಲ್ ಹಿಂದೆ ಕೂರಿಸಿದೆವು. ಆಯಿಲ್ ಫೋರ್ಡ್ ಹೇಳುವ ಮರ್ಕಾನ್ ಎಲ್‌ವಿ ಮಾತ್ರ. ಈ ಗೇರ್‌ಬಾಕ್ಸಿಗೆ ಮೇಲಿನಿಂದ ನೋಡುವ ಡಿಪ್‌ಸ್ಟಿಕ್ ಇಲ್ಲ, ಕಾರನ್ನು ಲಿಫ್ಟಿಗೆ ಏರಿಸಿ ಆಯಿಲ್ ಬಿಸಿಯಿರುವಾಗ ಪಕ್ಕದ ಪ್ಲಗ್ಗಿನ ಗಿಡ್ಡ ಡಿಪ್‌ಸ್ಟಿಕ್ಕಿನಲ್ಲಿ ನೋಡಬೇಕು. ಎಕ್ಸಾಸ್ಟ್ ಪಕ್ಕದಲ್ಲೇ ಇದೆ, ಕೈ ಜೋಪಾನ.

ಬಂದ ಫಲ: ಅದೇ ಘಾಟಿ, ಡಿಯಲ್ಲೇ ಬಿಟ್ಟು ಹತ್ತಿದಾಗ ಮೇಲೆ 97 ಡಿಗ್ರಿ. ಇಳಿಯುವಾಗ ಎರಡರಲ್ಲಿ ಕಾಲು ತೆಗೆದರೆ ಎಂಜಿನ್ ಹಿಡಿಯುತ್ತದೆ. ಬ್ರೇಕ್ ತಿರುವುಗಳಲ್ಲಿ ಮಾತ್ರ ಬೇಕಾಗುತ್ತದೆ. ಹೆದ್ದಾರಿಯ ನಡುಕ ಹೋಯಿತು. ತೋಟದ ಮನೆಯ ಪಾಚಿಗಟ್ಟಿದ ಏರಿನಲ್ಲಿ ರಿವರ್ಸ್ ತೆಗೆಯುವಾಗ ಮೊದಲು ಜಾಸ್ತಿ ರೈಸ್ ಮಾಡಿ ಒಮ್ಮೆಲೆ ಹಾರುತ್ತಿತ್ತಂತೆ, ಈಗ ಮೆಲ್ಲಗೆ ಬರುತ್ತದೆ ಎಂದು ಅಪ್ಪನೇ ಹೇಳಿದರು. ಕಳೆದುಕೊಂಡದ್ದೂ ಇದೆ: ಡ್ರ್ಯಾಗ್ ಓಟದ ಮೊದಲ 60 ಅಡಿಯಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹಿಂದೆ ಬಿದ್ದಿದೆ, ಮಗ ಅದನ್ನು ಸಿಕ್ಕಾಗಲೆಲ್ಲ ನೆನಪಿಸುತ್ತಾನೆ.

ಇಂಟೇಕ್ ಬದಲಿಸದ, ಕಂಪನಿ ಎಂಜಿನ್ನಿನ ಮಸ್ಟಾಂಗ್ ತಂದು ಇದೇ ಕೆಲಸ ಮಾಡಿಕೊಡಿ ಎಂದರೆ ನಾನು ಮಾಡುವುದಿಲ್ಲ. ಶಿಫ್ಟ್ ಲೆಕ್ಕ ಮತ್ತು ಟೈರಿನಲ್ಲಿ ಸಿಗುವ ಪಿಕಪ್ ಅಲ್ಲಿ ಸಾಕು. ಈ ಕಾರಿನಲ್ಲಿ ಇನ್ನು ಕಣ್ಣಿಡಬೇಕಾದದ್ದು ಕೂಲರ್ ಫ್ಯಾನಿನ ರಿಲೇ, ಮಳೆಗಾಲದಲ್ಲಿ ಅದರ ಕಾಲುಗಳಿಗೆ ಹಸಿರು ಹಿಡಿಯುತ್ತದೆ. ಆಯಿಲನ್ನು ಸಾಮಾನ್ಯ ಅವಧಿಯ ಅರ್ಧಕ್ಕೇ ಬದಲಿಸಲು ಬರೆದುಕೊಟ್ಟಿದ್ದೇನೆ. ಆಗ ಪ್ಯಾನ್ ಇಳಿಸಿ ಕೆಸರು, ಅಯಸ್ಕಾಂತ ನೋಡಿದರೆ ಹೊಸ ಲೈನಿಂಗ್ ಹೇಗಿದೆ ಎಂಬುದರ ಸುಳಿವು ಸಿಗುತ್ತದೆ.